ನನಗ ಕಟ್ಟೂಮುಂದ ಯಾಕ ಬರಲಿಲ್ಲ?

ಬೇರೆ ದೇಶದ ಕೆಟ್ಟ ಆಚರಣೆಯೊಂದನ್ನು ಹೊರಗಿನವರು ಹೋಗಿ ನಿಲ್ಲಿಸಬಹುದೇ? ಈ ಪ್ರಶ್ನೆ ಸೆಮಿನಾರಿನಲ್ಲಿ ಎದ್ದಾಗ ಕೂಡದು ಎಂದು ವಾದಿಸಿದವಳು ನಾನು. ಇನ್ನೊಬ್ಬರ ಸಂಸ್ಕೃತಿಗೆ ತಾನೇ ನ್ಯಾಯಾಧೀಶನಾಗುವುದು ವಸಾಹತುಶಾಹಿಯ ಹಳೆಯ ಚಾಳಿ ಎಂದಿದ್ದೆ. ಚಪ್ಪಾಳೆಯೂ ಬಿದ್ದಿತ್ತು.

ಆ ವಾದ ಅಲುಗಾಡಿದ್ದು ಸುರಪುರ ಸೀಮೆಯ ನಾರಾಯಣಪುರದಲ್ಲಿ, ಬಸವಸಾಗರ ಅಣೆಕಟ್ಟಿನ ಊರಿನಲ್ಲಿ. ಬೆಂಗಳೂರಿನಿಂದ ಹೋದ ನಾನು ಅಲ್ಲಿ ಪರದೇಶಿಯೇ. ಚಿಕ್ಕಂದಿನಲ್ಲೇ ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡಿದ್ದ ಅಜ್ಜಿಯೊಬ್ಬರು, ನಾನು ಬಾಯಿ ತೆರೆಯುವ ಮೊದಲೇ ಕೇಳಿದರು: "ಮುತ್ತು ಕಟ್ಟೂದು ತಪ್ಪಂತ ಹೇಳ್ಲಾಕ ಬಂದೀಯೇನವ್ವಾ? ನನಗ ಕಟ್ಟೂಮುಂದ ಯಾಕ ಯಾರೂ ಬರಲಿಲ್ಲ?"

ಹೊರಗಿನವರು ಬಂದದ್ದಕ್ಕೆ ಅವರ ಸಿಟ್ಟಿರಲಿಲ್ಲ, ಬಾರದೆ ಇದ್ದದ್ದಕ್ಕಿತ್ತು. ನನ್ನ ಸಂಸ್ಕೃತಿಗೌರವ ಯಾರ ಸಂಸ್ಕೃತಿಯನ್ನು ಗೌರವಿಸುತ್ತಿತ್ತು? ಕಟ್ಟಿದವರದ್ದನ್ನೇ ಹೊರತು ಕಟ್ಟಿಸಿಕೊಂಡ ಹುಡುಗಿಯದ್ದನ್ನಲ್ಲ.

1986ರ ಮಾರ್ಚಿನಲ್ಲಿ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯವರನ್ನೂ ಪೊಲೀಸರನ್ನೂ ಭಕ್ತರ ಗುಂಪು ಹೊಡೆದು ಬೆತ್ತಲೆ ಮಾಡಿತು. ಆ ಬಳಿಕ ಅನಂತಮೂರ್ತಿ ವಿಚಾರವಾದದ ಆತ್ಮವಿಶ್ವಾಸವನ್ನೇ ಅನುಮಾನಿಸಿದರು. ಎಂ.ಎ. ಓದುವಾಗ ನನಗದು ಬಹಳ ಹಿಡಿಸಿತ್ತು. (ಅನುಮಾನಪಡುವುದು ಆ ವಯಸ್ಸಿಗೆ ಒಂದು ಅಲಂಕಾರ.) ಈಗ ಹೊಡೆತ ತಿಂದವರೇ ಕಣ್ಣ ಮುಂದೆ ಬರುತ್ತಾರೆ. ಅವರು ಚಂದ್ರಗುತ್ತಿಗೆ ಹೊರಗಿನವರು, ಆದರೆ ಹರಕೆ ಹೊತ್ತು ಬೆತ್ತಲಾಗುತ್ತಿದ್ದ ಹೆಂಗಸರ ಕೇರಿಗಳಿಗೆ ಹೊರಗಿನವರಲ್ಲ.

ಹಾಗೆಂದು ಬಂದವರೆಲ್ಲ ನೆಟ್ಟಗೆ ನೋಡಿದರು ಎನ್ನಲಾರೆ. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯಲ್ಲಿ ಇತರರಿಗೆ ಮೂರು ವರ್ಷದವರೆಗೆ ಜೈಲು. ತಂದೆ, ತಾಯಿ, ಬಂಧುಗಳಿಗೆ ಎರಡರಿಂದ ಐದು ವರ್ಷ. ಆ ತಾಯಿ ಎಷ್ಟೋ ಸಲ ತಾನೇ ಮುತ್ತು ಕಟ್ಟಿಸಿಕೊಂಡವಳು. ಆಮೇಲೆ ಮಗಳನ್ನು ಇಟ್ಟುಕೊಳ್ಳುವ ಗಂಡಸಿನ ಬಗ್ಗೆ ಕಾಯ್ದೆಗೆ ಹೇಳಲು ಹೆಚ್ಚೇನೂ ಇರಲಿಲ್ಲ. ಆತನ ಹೊಣೆ, ಮಕ್ಕಳ ಹಕ್ಕು ಕಾನೂನಿನ ಮಾತಾಗಲು 2025ರ ಹೊಸ ಮಸೂದೆ ಬರಬೇಕಾಯಿತು. ಅದನ್ನು ವರ್ಷಗಟ್ಟಲೆ ಕೇಳುತ್ತ ಬಂದವರು ದೇವದಾಸಿ ತಾಯಂದಿರು ಮತ್ತು ಅವರ ಮಕ್ಕಳೇ. ಒಳಗಿನವರು ಹೇಳುತ್ತಲೇ ಇದ್ದರು, ಕೇಳಿಸಿಕೊಳ್ಳಲು ನಮಗೆ ನಾಲ್ಕು ದಶಕ ಹಿಡಿಯಿತು.

ಈಗ ಯಾರಾದರೂ ಮಗಳಿಗೆ ಮುತ್ತು ಕಟ್ಟಿಸಿದರೆ ಪೊಲೀಸರಿಗೆ ತಿಳಿಸುತ್ತೀರಾ ಎಂದು ಅಜ್ಜಿಯನ್ನು ಕೇಳಿದೆ.

"ಹೇಳ್ತೀನಿ. ಅವರವ್ವನ್ನ ಹಿಡಕೊಂಡು ಹೋದ ಮ್ಯಾಲ ಆ ಹುಡುಗಿಗಿ ಕೂಳು ಯಾರ ಹಾಕ್ತಾರ? ಅದನ್ನೂ ಬರಕೋ."

ಬರೆದುಕೊಂಡೆ.