ಮೂರನೆಯ ದಿನದ ಇಲಿಮರಿ

ಹುಟ್ಟಿ ಮೂರು ದಿನವಾದ ಇಲಿಮರಿಗೆ ಕೂದಲು ಬಂದಿರುವುದಿಲ್ಲ, ಕಣ್ಣೂ ಬಿಟ್ಟಿರುವುದಿಲ್ಲ. ಅದರ ಎದೆಮೂಳೆಯ ಹಿಂದೆ ಥೈಮಸ್ ಎಂಬ ಪುಟ್ಟ ಗ್ರಂಥಿ. ಜಪಾನಿನ ನಗೋಯಾದ ಐಚಿ ಕ್ಯಾನ್ಸರ್ ಕೇಂದ್ರದ ನಿಶಿಜುಕಾ ಮತ್ತು ಸಕಾಕುರಾ ಆ ಗ್ರಂಥಿಯನ್ನು ತೆಗೆದು ನೋಡಿದರು. ಹೆಣ್ಣುಮರಿಗಳ ಅಂಡಾಶಯ ಹಾಳಾಯಿತು. ಏಳನೆಯ ದಿನ ತೆಗೆದರೆ ಹಾಗಾಗಲಿಲ್ಲ. ಇದು 1969ರ ಮಾತು.

ರೋಗಾಣುಗಳ ಜೊತೆ ಹೋರಾಡುವ ಟಿ ಕೋಶಗಳು ಪಳಗುವ ಗರಡಿಮನೆಯೇ ಥೈಮಸ್. ಗರಡಿ ಮುಚ್ಚಿದರೆ ಪೈಲ್ವಾನರು ಕಡಿಮೆಯಾಗಬೇಕು. ಇಲ್ಲಿ ನೋಡಿದರೆ ಇದ್ದವರೇ ಸ್ವಂತ ಮನೆಯ ಮೇಲೆ ಬಿದ್ದಿದ್ದರು!

ಕ್ಯೋಟೊದಲ್ಲಿ ವೈದ್ಯಕೀಯ ಓದಿದ್ದ ಶಿಮೊನ್ ಸಕಾಗುಚಿ ಈ ಒಗಟಿನ ಬೆನ್ನು ಹತ್ತಿದರು. ಆರೋಗ್ಯವಾಗಿದ್ದ ಅದೇ ತಳಿಯ ಇಲಿಯಿಂದ ಟಿ ಕೋಶಗಳನ್ನು ತೆಗೆದು ಈ ಮರಿಗಳಿಗೆ ಕೊಟ್ಟರೆ ರೋಗ ಬರುತ್ತಿರಲಿಲ್ಲ. ಅಂದರೆ ಟಿ ಕೋಶಗಳಲ್ಲೇ ಮಿಕ್ಕವನ್ನು ತಡೆದು ಹಿಡಿಯುವ ಒಂದು ಗುಂಪಿರಬೇಕು. ಆದರೆ ಆಗ ಇಂಥ ಮಾತಿಗೆ ಬೆಲೆ ಇರಲಿಲ್ಲ. 1970ರ ದಶಕದಲ್ಲಿ 'ಅದುಮುವ ಟಿ ಕೋಶ'ಗಳ ಬಗ್ಗೆ ರಾಶಿ ರಾಶಿ ಪ್ರಬಂಧಗಳು ಬಂದಿದ್ದವು. ಅವುಗಳಿಗೆ ಆಧಾರವೆಂದು ನಂಬಿದ್ದ ವಂಶವಾಹಿ, ಡಿಎನ್‌ಎ ತೆರೆದು ನೋಡಿದಾಗ, ಇರಲೇ ಇಲ್ಲ. ಇಡೀ ವಿಷಯದ ಮಾನ ಹೋಗಿತ್ತು. ಸಕಾಗುಚಿ ಹಟ ಬಿಡಲಿಲ್ಲ. ಕೊನೆಗೆ 1995ರಲ್ಲಿ ಅವರೂ ಪತ್ನಿ ನೊರಿಕೊ ಮತ್ತು ಇತರ ಸಹೋದ್ಯೋಗಿಗಳೂ ಸೇರಿ ಆ ಗುಂಪಿನ ಗುರುತು ಪತ್ತೆ ಮಾಡಿದರು: ಮೈಮೇಲೆ ಸಿಡಿ25 ಎಂಬ ಪ್ರೋಟೀನು. ಈ ಕೋಶಗಳೇ ನಿಯಂತ್ರಕ ಟಿ ಕೋಶಗಳು. 2025ರಲ್ಲಿ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರೊಂದಿಗೆ ಸಕಾಗುಚಿಯವರಿಗೆ ನೊಬೆಲ್ ಬಂತು.

ತತ್ತ್ವಶಾಸ್ತ್ರದವರು ಕಿವಿ ನಿಮಿರಿಸಬೇಕಾದ್ದು ಇಲ್ಲೇ. 'ತಾನು' ಎಂಬ ಪದವನ್ನು ರೋಗನಿರೋಧಕ ವಿಜ್ಞಾನದಲ್ಲಿ ನೆಲೆಗೊಳಿಸಿದವರು ಆಸ್ಟ್ರೇಲಿಯದ ಮ್ಯಾಕ್‌ಫರ್ಲೇನ್ ಬರ್ನೆಟ್. ಅವರ ಚಿತ್ರದಲ್ಲಿ, ತನ್ನನ್ನೇ ಕಚ್ಚಬಲ್ಲ ಕೋಶಗಳನ್ನು ದೇಹ ಎಳೆತನದಲ್ಲೇ ಕೊಂದುಹಾಕುತ್ತದೆ. ಒಮ್ಮೆ ಬೇಲಿ ಹಾಕಿದರೆ ಮುಗಿಯಿತು. ಥೈಮಸ್ಸಿನಲ್ಲಿ ಇದು ನಡೆಯುವುದು ನಿಜ, ಆದರೆ ಪೂರ್ತಿಯಾಗಿ ಅಲ್ಲ. ಸಕಾಗುಚಿ ಆರೋಗ್ಯವಂತ ಇಲಿಯ ಟಿ ಕೋಶಗಳಿಂದ ಸಿಡಿ25 ಇದ್ದವನ್ನು ಮಾತ್ರ ಸೋಸಿ ತೆಗೆದು, ಉಳಿದವನ್ನು ಥೈಮಸ್ ಇಲ್ಲದ ಇಲಿಗೆ ಕೊಟ್ಟರು. ಹಲವು ಅಂಗಗಳಿಗೆ ಒಟ್ಟಿಗೇ ರೋಗ ಹತ್ತಿತು. ಹಾಗಾದರೆ ಹಗೆ ಮೊದಲಿನಿಂದಲೂ ಮನೆಯೊಳಗೇ ಇತ್ತು. 'ತಾನು' ಅನ್ನುವುದು ಬೇಲಿಯಲ್ಲ, ದಿನದಿನವೂ ನಡೆಯಬೇಕಾದ ತಡೆ.

ಇಷ್ಟು ಕೇಳಿದೊಡನೆ "ನಮ್ಮ ಋಷಿಗಳು ದಮ ಎಂದದ್ದು ಇದನ್ನೇ ಅಲ್ಲವೇ" ಎಂದು ನಮ್ಮಲ್ಲಿ ಯಾರಾದರೂ ಕೇಳದೆ ಬಿಡುವುದಿಲ್ಲ. ಅಲ್ಲ. ದಮಕ್ಕೆ ವಿವೇಕ ಬೇಕು; ಈ ಕೋಶಕ್ಕೆ ಅದಿಲ್ಲ. ಕ್ಯಾನ್ಸರ್ ಗಡ್ಡೆಯೊಳಗೆ ಇವೇ ಕೋಶಗಳು ಜಮಾಯಿಸಿ, ಗಡ್ಡೆಯನ್ನು ಕೊಲ್ಲಲು ಬಂದವರ ಕೈ ಹಿಡಿದು ನಿಲ್ಲಿಸುತ್ತವೆ. ಗರ್ಭದಲ್ಲೂ ಹಾಗೆಯೇ: ಮಗುವಿನ ಅರ್ಧ ತಂದೆಯದು, ಬರ್ನೆಟ್ಟರ ಲೆಕ್ಕದಲ್ಲಿ ಪರಕೀಯ. 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಕೋಶಗಳಿಲ್ಲದ ತಾಯಿ ಇಲಿಗಳು ಬೇರೆ ತಳಿಯ ಗಂಡಿನಿಂದಾದ ಭ್ರೂಣಗಳನ್ನು ಉಳಿಸಿಕೊಳ್ಳಲಿಲ್ಲ. ಕೋಶದ ಮಟ್ಟದಲ್ಲಿ ಮಗುವಿಗೂ ಗಡ್ಡೆಗೂ ಸಿಗುವ ಅಭಯ ಒಂದೇ.

ಬ್ರಂಕೋ ಮತ್ತು ರಾಮ್ಸ್‌ಡೆಲ್ 2001ರಲ್ಲಿ ಗುರುತಿಸಿದ ಫಾಕ್ಸ್‌ಪಿ3 ವಂಶವಾಹಿ ಈ ಕೋಶಗಳಿಗೆ ಬೇಕೇ ಬೇಕು ಎಂಬುದು ಎರಡು ವರ್ಷಗಳಲ್ಲಿ ಗೊತ್ತಾಯಿತು. ಅದು ಕೆಟ್ಟಿರುವ ಗಂಡುಮಕ್ಕಳಿಗೆ ಐಪೆಕ್ಸ್ ಎಂಬ ಅಪರೂಪದ ಕಾಯಿಲೆ ಬರುತ್ತದೆ. ಎಳೆಗೂಸಿನಲ್ಲೇ ನಿಲ್ಲದ ಭೇದಿ, ಸಕ್ಕರೆ ಕಾಯಿಲೆ, ಚರ್ಮದ ಉರಿ. ಮೈ ತನ್ನನ್ನೇ ತಿನ್ನುತ್ತಿರುತ್ತದೆ. ಇದಕ್ಕಿರುವ ಮುಖ್ಯ ಚಿಕಿತ್ಸೆ ಅಸ್ಥಿಮಜ್ಜೆಯ ಕಸಿ. ದಾನಿಯ ರಕ್ತಕೋಶಗಳು ಭಾಗಶಃ ಮಾತ್ರ ನೆಲೆಸಿದರೂ ರೋಗ ಹತೋಟಿಗೆ ಬಂದ ಉದಾಹರಣೆಗಳಿವೆ. ಆ ಮಗುವಿನ ಮೈಯನ್ನು ಅದರ ಸ್ವಂತ ಕೋಶಗಳಿಂದ ಕಾಯುತ್ತಿರುವುದು ಇನ್ನೊಬ್ಬರ ಕೋಶಗಳು.