ಅಮ್ಮ ಹಿಡಿದ ಮೈ

ಗಂಡಾಗಿ ಹುಟ್ಟಿ, ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು, ಸೀರೆ ಉಟ್ಟು, ಬಳೆ ತೊಟ್ಟು, ಹಣೆಗೆ ಭಂಡಾರ ಹಚ್ಚಿಕೊಂಡು ಬಾಳುವವರು ಜೋಗಪ್ಪರು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಗಳಲ್ಲಿ ಮಂಗಳವಾರ ಇಲ್ಲವೆ ಶುಕ್ರವಾರ ದೇವಿಯ ಬುಟ್ಟಿಯಾದ ಪಡ್ಡಲಗಿ ಹಿಡಿದು ಬಾಗಿಲಿಗೆ ಬಂದು ಜೋಗ ಬೇಡುವ ಜೋಗಪ್ಪರನ್ನು ಕಾಣದೆ ಬೆಳೆದವರು ಕಡಿಮೆ. ಮೂರೂ ತಾಲೂಕುಗಳು ಘಟಪ್ರಭೆಯ ಸೀಮೆಯವು. ಎಲ್ಲಮ್ಮನ ಗುಡ್ಡ ಇರುವುದು ಅದೇ ಬೆಳಗಾವಿ ಜಿಲ್ಲೆಯ ಸವದತ್ತಿಯ ಹತ್ತಿರ, ಮಲಪ್ರಭೆಯ ಮಗ್ಗುಲಲ್ಲಿ. ಹುಣ್ಣಿಮೆ ಹತ್ತಿರವಾದಂತೆ ಈ ಕಡೆಯ ಚಕ್ಕಡಿಗಳು, ಈಗ ಟ್ರ್ಯಾಕ್ಟರುಗಳು, ‘ಉಧೋ ಉಧೋ’ ಎಂಬ ಕೂಗಿನೊಂದಿಗೆ ಆ ಗುಡ್ಡದತ್ತ ಸಾಗುತ್ತವೆ. ಜೋಗುಳಬಾವಿಯಲ್ಲಿ ಮಿಂದು ಗುಡ್ಡ ಹತ್ತುವುದು ವಾಡಿಕೆ.

ಒಬ್ಬ ಹುಡುಗ ಜೋಗಪ್ಪ ಆಗುವುದು ಹೇಗೆ ಎಂದು ಕೇಳಿದರೆ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: ಅಮ್ಮ ಹಿಡಿದಳು. ಮೊದಲು ಕಾಡಾಟ ಶುರುವಾಗುತ್ತದೆ. ತಲೆಯಲ್ಲಿ ಜಡೆ ಕಟ್ಟುತ್ತದೆ, ಮೈಗೆ ವಾಸಿಯಾಗದ ಬೇನೆ ಬರುತ್ತದೆ, ದನಕರುಗಳಿಗೆ ಕೇಡಾಗುತ್ತದೆ. ಹುಡುಗ ಹೆಣ್ಣುಮಕ್ಕಳ ನಡುವೆಯೇ ಇರಲು ಬಯಸುತ್ತಾನೆ, ಅಕ್ಕನ ಸೀರೆ ಉಟ್ಟುಕೊಳ್ಳುತ್ತಾನೆ. ಮನೆಯವರು ಬೈದು, ಹೊಡೆದು, ಕಡೆಗೆ ಹೇಳಿಕೆ ಕೇಳಿಸುತ್ತಾರೆ. ಇದು ಎಲ್ಲಮ್ಮನ ಕಾಟವೆಂದು ಗೊತ್ತಾದ ಮೇಲೆ ಬಿಳಿ ಕೆಂಪು ಮಣಿಗಳ ಸರ ಕೊರಳಿಗೆ ಬೀಳುತ್ತದೆ. ಈ ಮಾತಿನ ವ್ಯಾಕರಣವನ್ನು ಗಮನಿಸಬೇಕು. ‘ನಾನು ಹೆಣ್ಣಾದೆ’ ಎಂದು ಜೋಗಪ್ಪ ಸಾಮಾನ್ಯವಾಗಿ ಹೇಳುವುದಿಲ್ಲ. ‘ಅಮ್ಮ ಹಿಡಿದಳು’ ಎಂಬಲ್ಲಿ ಕರ್ತೃ ದೇವಿ. ಮನುಷ್ಯನ ಮೈ ಅವಳ ಕ್ರಿಯೆಗೆ ಸಿಕ್ಕ ಕರ್ಮಪದ. ತನ್ನ ಮೈ ಏನೆಂಬುದನ್ನು ಹೇಳುವ ಅಧಿಕಾರ ಯಾರದು ಎಂಬ ಪ್ರಶ್ನೆಗೆ ಈ ಸೀಮೆ ಕೊಟ್ಟುಕೊಂಡ ಹಳೆಯ ಉತ್ತರ ಇದು. ಅದರ ಬಲವೂ ಇಕ್ಕಟ್ಟೂ ಆ ಒಂದು ವಾಕ್ಯದಲ್ಲೇ ಇವೆ.

ಈ ಉತ್ತರದ ಬೇರು ಎಲ್ಲಮ್ಮನ ಕಥೆಯಲ್ಲಿದೆ. ಎಲ್ಲಮ್ಮ ಎಂದರೆ ಜಮದಗ್ನಿಯ ಮಡದಿ ರೇಣುಕೆ, ಮರಳಿನ ಕೊಡದಲ್ಲಿ ನೀರು ತರುತ್ತಿದ್ದವಳು. ಒಂದು ದಿನ ಹೊಳೆಯಲ್ಲಿ ಗಂಧರ್ವರ ಜಲಕ್ರೀಡೆ ಕಂಡು ಮನಸ್ಸು ಕದಡಿತು, ಕೊಡ ನಿಲ್ಲಲಿಲ್ಲ. ಋಷಿ ಶಪಿಸಿದ, ಅವಳ ಮೈಗೆ ತೊನ್ನು, ಹುಣ್ಣು ಬಂದವು. ಕಾಡಿಗೆ ಬಿದ್ದವಳಿಗೆ ಎಕ್ಕಯ್ಯ, ಜೋಗಯ್ಯ ಎಂಬ ಇಬ್ಬರು ಸಾಧುಗಳು ಸಿಕ್ಕಿ, ಬೇನೆ ವಾಸಿಯಾಗುವ ದಾರಿ ತೋರಿ, ಬುಟ್ಟಿ ಹಿಡಿದು ಊರಲ್ಲಿ ಬೇಡಲು ಹೇಳಿದರು. ವಾಸಿಯಾಗಿ ಮರಳಿದರೂ ಗಂಡನ ಸಿಟ್ಟು ಆರಲಿಲ್ಲ. ತಾಯಿಯ ತಲೆ ಕಡಿಯಿರಿ ಎಂದು ಮಕ್ಕಳಿಗೆ ಅಪ್ಪಣೆಯಾಯಿತು. ಒಲ್ಲೆವೆಂದ ಮಕ್ಕಳಿಗೆ ಗಂಡಸುತನ ಕಳೆದುಕೊಳ್ಳುವ ಶಾಪ ಬಂತು. ಪರಶುರಾಮ ಕೊಡಲಿ ಎತ್ತಿದ. ಮುಂದೆ ವರ ಬೇಡಿ ತಾಯಿಯನ್ನು ಬದುಕಿಸುವಾಗ ರೇಣುಕೆಯ ತಲೆ ಬೇರೆ ಕುಲದ ಮಾತಂಗಿಯ ಮೈಗೆ, ಮಾತಂಗಿಯ ತಲೆ ರೇಣುಕೆಯ ಮೈಗೆ ಕೂಡಿತು ಎಂದು ಕೆಲವು ಪಾಠಗಳು ಹೇಳುತ್ತವೆ.

ಜೋಗಪ್ಪರ ಪರಂಪರೆಯನ್ನು ಸಾಮಾನ್ಯವಾಗಿ ಆ ಶಪಿತ ಮಕ್ಕಳಿಗೆ ಜೋಡಿಸುತ್ತಾರೆ. ಅಲ್ಲೊಂದು ಸೂಕ್ಷ್ಮವಿದೆ: ಶಾಪ ತಗುಲಿದ್ದು ತಾಯಿಯನ್ನು ಕೊಲ್ಲಲು ಒಪ್ಪದವರಿಗೆ. ಕಥೆಯ ಲೆಕ್ಕದಲ್ಲಿ ಗಂಡಸುತನ ಹೋದದ್ದು ದಯೆ ತೋರಿದ್ದಕ್ಕೆ ತೆತ್ತ ದಂಡ. ಆದರೂ ಮಕ್ಕಳ ಶಾಪಕ್ಕಿಂತ ತಾಯಿಯ ಬದುಕೇ ಜೋಗಪ್ಪರ ಬದುಕಿಗೆ ಹೆಚ್ಚು ಹತ್ತಿರ. ಮೈಗೆ ಬೇನೆ ಬರುವುದು, ಮನೆಯಿಂದ ಹೊರಬೀಳುವುದು, ಬುಟ್ಟಿ ಹಿಡಿದು ಬೇಡುವುದು, ಬೇರೆಯದೇ ಮೈಯಾಗಿ ಮರಳುವುದು, ಮರಳಿದ ಮೇಲೆ ಪೂಜೆಗೊಳ್ಳುವುದು: ಈ ಐದೂ ಮೆಟ್ಟಿಲುಗಳನ್ನು ದೇವಿ ಮೊದಲೇ ಹತ್ತಿದ್ದಾಳೆ. ತಲೆ ಒಂದು ಕುಲದ್ದು, ಮುಂಡ ಇನ್ನೊಂದು ಕುಲದ್ದು ಆಗಿರುವ ದೇವಿಗೆ ಮೈ ಎಂಬುದು ಹುಟ್ಟಿನಿಂದ ಕಡೆತನಕ ಒಂದೇ ಇರಬೇಕೆಂಬ ಹಟವಿಲ್ಲ.

ಪಂಚಾಂಗವೂ ಇದೇ ಕಥೆಯನ್ನು ನಡೆಸುತ್ತದೆ. ಹೊಸ್ತಿಲ ಹುಣ್ಣಿಮೆಗೆ ಜಮದಗ್ನಿ ಸತ್ತನೆಂದು ಎಲ್ಲಮ್ಮ ವಿಧವೆಯಾಗುತ್ತಾಳೆ. ಜನರ ಬಾಯಲ್ಲಿ ಅದು ರಂಡಿ ಹುಣ್ಣಿಮೆ. ಮುತ್ತು ಕಟ್ಟಿಸಿಕೊಂಡವರು ಅಂದು ಬಳೆ ಒಡೆದುಕೊಳ್ಳುತ್ತಾರೆ. ಭರತ ಹುಣ್ಣಿಮೆಗೆ ಅವಳು ಮತ್ತೆ ಮುತ್ತೈದೆ. ಹೊಸ ಬಳೆ, ತುಂಬಿದ ಪಡ್ಡಲಗಿ. ಗಂಡಾಗಿ ಹುಟ್ಟಿದವರೊಬ್ಬರು ವರ್ಷಕ್ಕೊಮ್ಮೆ ವಿಧವೆಯ ದುಃಖವನ್ನೂ ಮುತ್ತೈದೆಯ ಸಂಭ್ರಮವನ್ನೂ ತಮ್ಮ ಕೈಯ ಬಳೆಯಲ್ಲೇ ಅನುಭವಿಸುವ ಆಚರಣೆ ಬೇರೆ ಕಡೆ ಸುಲಭಕ್ಕೆ ಸಿಗದು. ಬ್ರಿಟಿಷ್ ಮಾನವಶಾಸ್ತ್ರಜ್ಞ ನಿಕೋಲಸ್ ಬ್ರಾಡ್‌ಫರ್ಡ್ ಎಲ್ಲಮ್ಮನ ಪಂಥದಲ್ಲಿನ ಈ ಲಿಂಗಾಂತರವನ್ನು ಕುರಿತು 1983ರಲ್ಲೇ ವಿಸ್ತಾರವಾದ ಲೇಖನ ಬರೆದಿದ್ದರು.

ಇದೇ ಸೀಮೆಯಲ್ಲಿ ಇನ್ನೊಂದು ಉತ್ತರವೂ ಬಾಳಿಕೊಂಡು ಬಂದಿದೆ. ಹುಕ್ಕೇರಿ ತಾಲೂಕಿನ ನಿಡಸೋಸಿಯಲ್ಲಿ ದುರದುಂಡೀಶ್ವರ ಮಠ, ಗೋಕಾಕದಲ್ಲಿ ಶೂನ್ಯಸಂಪಾದನ ಮಠ, ಮೂಡಲಗಿಯಲ್ಲಿ ಹೆಸರಿನಲ್ಲೇ ಶಿವನೂ ರಂಗನೂ ಕೂಡಿರುವ ಶಿವಬೋಧರಂಗ ಮಠ ಇವೆ. ಶರಣರ ಮಾತು ಇಲ್ಲಿ ಮನೆಮಾತು. ಮೊಲೆ ಮುಡಿಗಳಿಂದ ಹೆಣ್ಣೆಂದೂ ಗಡ್ಡಮೀಸೆಗಳಿಂದ ಗಂಡೆಂದೂ ಗುರುತಿಸುವ ಜನರಿಗೆ, ‘ನಡುವೆ ಸುಳಿವ ಆತ್ಮ’ ಇವೆರಡರಲ್ಲಿ ಯಾವುದೂ ಅಲ್ಲ ಎಂದು ಜೇಡರ ದಾಸಿಮಯ್ಯ ತಿಳಿಹೇಳಿದ. ‘ಶರಣಸತಿ ಲಿಂಗಪತಿ’ ಎಂಬ ಭಾವದಲ್ಲಿ ಗಂಡಸರಾದ ಶರಣರೂ ತಮ್ಮನ್ನು ಲಿಂಗದ ಹೆಂಡತಿ ಎಂದೇ ತಿಳಿದರು. ಆತ್ಮಕ್ಕೆ ಗಂಡು ಹೆಣ್ಣೆಂಬುದಿಲ್ಲ ಎಂಬ ಮಾತಿನಷ್ಟು ದೊಡ್ಡದು ಕನ್ನಡದ ಚಿಂತನೆಯಲ್ಲಿ ಹೆಚ್ಚಿಲ್ಲ.

ಆದರೆ ಜೋಗಪ್ಪರಿಗೆ ಆ ಮಾತೊಂದೇ ಸಾಲದು. ಆತ್ಮಕ್ಕೆ ಲಿಂಗಭೇದವಿಲ್ಲ ಎಂದಾಗ ಮೈಯ ಪ್ರಶ್ನೆ ಬದಿಗೆ ಸರಿಯುತ್ತದೆ. ಸೀರೆ ಉಡಬೇಕೆಂಬ ತಹತಹ ಆತ್ಮದ್ದಲ್ಲ, ಮೈಯದು. ಸತಿಯೆಂದು ಭಾವಿಸಿದ ಶರಣ ಧೋತರ ಬಿಚ್ಚಿ ಸೀರೆ ಉಡಲಿಲ್ಲ. ಅವನು ಉಡಬೇಕೆಂದು ಯಾರೂ ಬಯಸಲೂ ಇಲ್ಲ. ಎಲ್ಲಮ್ಮನ ದಾರಿ ತದ್ವಿರುದ್ಧ. ಅಲ್ಲಿ ದೈವ ಇಳಿಯುವುದೇ ಮೈಗೆ. ಬಳೆ, ಕುಬಸ, ಮುತ್ತು, ತಲೆಯ ಮೇಲಿನ ಕೊಡ, ಕಟ್ಟಿದ ಜಡೆ ಇವೇ ಅವಳ ಗುರುತು. ವಚನದ ದಾರಿ ಭೇದವನ್ನು ಕರಗಿಸುತ್ತದೆ. ಗುಡ್ಡದ ದಾರಿ ಭೇದವನ್ನು ಉಳಿಸಿಕೊಂಡು ಅದಕ್ಕೆ ಭಂಡಾರ ಹಚ್ಚುತ್ತದೆ. ಬಾದಾಮಿಯ ಮೊದಲ ಗುಹೆಯಲ್ಲಿ 6ನೆಯ ಶತಮಾನದ ಶಿಲ್ಪಿ ಕಡೆದ ಅರ್ಧನಾರೀಶ್ವರನೂ ಈ ಎರಡನೆಯ ಕಡೆಗೇ ಸೇರುವವನು. ಕಲ್ಲಿನಲ್ಲಿ ಎಡಮೈಯೂ ಬಲಮೈಯೂ ಬೇರೆ ಬೇರೆಯಾಗಿಯೇ ಕಾಣುತ್ತವೆ. ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರ ಆತ್ಮಕಥನಕ್ಕೆ ‘ನಡುವೆ ಸುಳಿವ ಹೆಣ್ಣು’ ಎಂಬ ಹೆಸರು ಬಂದದ್ದು ದಾಸಿಮಯ್ಯನ ಮಾತನ್ನು ಒಂದು ಪದ ತಿರುವಿದ್ದರಿಂದ. ಆತ್ಮ ಇದ್ದ ಜಾಗದಲ್ಲಿ ಹೆಣ್ಣು ಬಂದು ಕೂತಳು. ಎರಡು ದಾರಿಗಳ ನಡುವಿನ ಅಂತರವನ್ನು ಇಷ್ಟು ಚಿಕ್ಕದಾಗಿ ಹೇಳಿದ್ದು ಬೇರೆ ಇಲ್ಲ.

ಗುಡ್ಡದ ದಾರಿಗೆ ತೆರಬೇಕಾದ ಬೆಲೆಯೂ ಇದೆ. ಅಮ್ಮ ಹಿಡಿದವರಿಗೆ ಕೈಮುಗಿಯುವ ಊರು ಅವರಿಗೆ ಹೊಲದಲ್ಲಿ ಪಾಲು ಕೊಡಲು ಮುಂದಾಗುವುದು ಅಪರೂಪ. ಮದುವೆಯಲ್ಲಿ, ಹಬ್ಬದಲ್ಲಿ ಆಶೀರ್ವಾದಕ್ಕೆ ಕರೆದವರು ಪಂಕ್ತಿಯಲ್ಲಿ ಪಕ್ಕ ಕೂರಿಸಿಕೊಳ್ಳಲು ಹಿಂಜರಿಯುತ್ತಾರೆ. ಅದೇ ದೇವಿಯ ಹೆಸರಿನಲ್ಲಿ ದಲಿತ ಮನೆಗಳ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ಊರ ಗಂಡಸರ ಪಾಲು ಮಾಡಿದ ಇತಿಹಾಸವೂ ಇದೆ. ಅದಕ್ಕೆಂದೇ ಕರ್ನಾಟಕ 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ತಂದಿತು. ಅಮ್ಮನ ಇಚ್ಛೆ ಯಾವುದು, ಅಮ್ಮನ ಹೆಸರಿನಲ್ಲಿ ಊರು ಮಾಡಿದ ಇಚ್ಛೆ ಯಾವುದು ಎಂದು ಬೇರ್ಪಡಿಸುವ ಸಾಧನ ಈ ಪಂಥದೊಳಗೆ ಇಲ್ಲ. ಇದು ಅದರ ದೊಡ್ಡ ಕೊರತೆ.

ಆದರೂ ಭಿಕ್ಷೆಯ ಜೊತೆಗೆ ಬಂದ ಹಾಡು, ಕುಣಿತಗಳನ್ನು ಜೋಗಪ್ಪರು ಕಲೆಯಾಗಿ ಬೆಳೆಸಿದರು. ಚೌಡಿಕೆಯ ಒಂದೇ ತಂತಿಯ ಮೇಲೆ ರಾತ್ರಿಯಿಡೀ ಎಲ್ಲಮ್ಮನ ಕಥೆ ಹಾಡುವವರು ಅವರು. ಗಂಡಸು ಸೀರೆ ಉಟ್ಟು ರಂಗಕ್ಕೆ ಬರುವುದು ಈ ಸೀಮೆಗೆ ಹೊಸದಲ್ಲ. ಅಪರಾಳ ತಮ್ಮಣ್ಣ ರಚಿಸಿ, ಕುಲಗೋಡ ತಮ್ಮಣ್ಣ ಬೆಳೆಸಿದ ಶ್ರೀಕೃಷ್ಣ ಪಾರಿಜಾತದಲ್ಲಿ ಗಂಡಸರು ಹೆಣ್ಣುವೇಷ ಹಾಕುತ್ತಿದ್ದರು. ಈಗ ಕುಲಗೋಡ ಮೂಡಲಗಿ ತಾಲೂಕಿನಲ್ಲಿದೆ.  ವ್ಯತ್ಯಾಸ ಇಷ್ಟೇ: ಆಟ ಮುಗಿದ ಮೇಲೆ ವೇಷಗಾರ ಬಣ್ಣ ಅಳಿಸುತ್ತಾನೆ, ಜೋಗಪ್ಪರಿಗೆ ಅಳಿಸುವ ಬಣ್ಣವಿಲ್ಲ.

ಗುಡ್ಡದಿಂದ ದೂರದ ಬಳ್ಳಾರಿ ಸೀಮೆಯಲ್ಲಿ ಹುಟ್ಟಿದ ಮಂಜುನಾಥ ಶೆಟ್ಟಿ ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿಕೊಂಡು ಮಂಜಮ್ಮ ಜೋಗತಿಯಾದರು. ಮನೆ ತೊರೆದು ಬೇಡಿ ಬದುಕಿದ ದಿನಗಳಲ್ಲಿ ತಂದೆಯೊಬ್ಬ ಹಾಡಿ, ಮಗನೊಬ್ಬ ಕೊಡ ಹೊತ್ತು ಕುಣಿಯುವುದನ್ನು ಕಂಡು ಕುಣಿತ ಕಲಿಯಬೇಕೆನಿಸಿತು. ಮುಂದೆ ಕಾಳವ್ವ ಜೋಗತಿಯ ಮೇಳ ಸೇರಿ ಎಲ್ಲಮ್ಮನ ಆಟದಲ್ಲಿ ಪಾತ್ರ ಮಾಡಿದರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಪೀಠದಲ್ಲಿ ಕೂತ ಮೊದಲ ಲಿಂಗತ್ವ ಅಲ್ಪಸಂಖ್ಯಾತರು ಅವರೇ. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆಯುವ ಮುನ್ನ ಅವರು ಸೆರಗಿನಿಂದ ರಾಮನಾಥ ಕೋವಿಂದರಿಗೆ ನಿವಾಳಿಸಿ ದೃಷ್ಟಿ ತೆಗೆದರು. ಪ್ರಶಸ್ತಿ ಪಡೆಯಲು ಬಂದವರು ಕೊಡುವವರನ್ನೇ ಹರಸಿದರು. ಜೋಗಪ್ಪರಿಗೆ ಹರಸುವ ಅಧಿಕಾರ ಇದೆ ಎಂಬ ಹಳ್ಳಿಯ ನಂಬಿಕೆ ಅಂದು ದಿಲ್ಲಿಯಲ್ಲೂ ನಡೆಯಿತು.

ಬೇರೆ ಧರ್ಮಗಳ ನಡುವೆ, ತನ್ನ ಮೈ ಏನೆಂದು ಹೇಳುವ ಅಧಿಕಾರ ಯಾರದು ಎಂಬ ಇದೇ ಪ್ರಶ್ನೆ ಬೇರೆ ರೂಪ ತಾಳುತ್ತದೆ. ಅಮೆರಿಕದ ಕಪ್ಪು ಜನರಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಫ್ರಾನ್ಸಿಸ್ ಥಾಂಪ್ಸನ್ 1866ರಲ್ಲಿ ಮೆಂಫಿಸ್ ಗಲಭೆಯ ಅತ್ಯಾಚಾರದ ಬಗ್ಗೆ ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ನುಡಿದರು. ಹತ್ತು ವರ್ಷದ ಮೇಲೆ, ಹೆಣ್ಣುಡುಗೆ ತೊಟ್ಟ ಗಂಡಸೆಂದು ಬಂಧಿಸಿದಾಗ, ಆ ಸಾಕ್ಷ್ಯವೇ ಸುಳ್ಳೆಂದು ಪತ್ರಿಕೆಗಳು ಸಾರಿದವು. ಕಪ್ಪು ಜನರ ಹಕ್ಕಿಗಾಗಿ ಕಾನೂನಿನ ವಾದ ರೂಪಿಸಿದ ಪಾಲಿ ಮರ್ರಿ ತಮ್ಮೊಳಗೆ ಗಂಡಿದ್ದಾನೆಂದು ತಿಳಿದು ವೈದ್ಯರ ಬಾಗಿಲು ಬಡಿದು ನಿರಾಶರಾದವರು. 1977ರಲ್ಲಿ ಎಪಿಸ್ಕೋಪಲ್ ಚರ್ಚಿನ ಪಾದ್ರಿಯಾದರು. ಮೆಥಡಿಸ್ಟ್ ಚರ್ಚಿನ ಮನೆಯಲ್ಲಿ ಬೆಳೆದ ಮಾರ್ಷಾ ಪಿ. ಜಾನ್ಸನ್ 1969ರ ಸ್ಟೋನ್‌ವಾಲ್ ಪ್ರತಿಭಟನೆಯ ಕಾಲದಲ್ಲಿ ಹೆಸರಾದರು. ಮರುವರ್ಷ ಸಿಲ್ವಿಯಾ ರಿವೇರಾರ ಜೊತೆ ಬೀದಿಪಾಲಾದ ಎಳೆಯರಿಗಾಗಿ ಸಂಘಟನೆ ಕಟ್ಟಿದರು. ಈ ಮೂವರಿಗೂ ಎಲ್ಲಮ್ಮನಂಥ ಆಸರೆ ಇರಲಿಲ್ಲ. ಹಾಗಾಗಿ ‘ನಾನು ಇಂಥವಳು’ ಇಲ್ಲವೆ ‘ನಾನು ಇಂಥವನು’ ಎಂದು ತಾವೇ ಹೇಳಬೇಕಾಯಿತು, ತಾವೇ ಅದರ ಬೆಲೆ ತೆರಬೇಕಾಯಿತು. ಇಲ್ಲಿನ ಜೋಗಪ್ಪರಿಗೆ ಆಸರೆ ಇತ್ತು. ‘ನಾನು’ ಎಂದು ಹೇಳುವ ಅವಕಾಶ ಕಡಿಮೆ ಇತ್ತು.

ಆ ಅವಕಾಶ ಕಾನೂನಿನ ಮೂಲಕ ಬಂತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ. ಎಸ್. ರಾಧಾಕೃಷ್ಣನ್ ಮತ್ತು ಎ. ಕೆ. ಸಿಕ್ರಿ, ತನ್ನ ಲಿಂಗವನ್ನು ತಾನೇ ಗುರುತಿಸಿಕೊಳ್ಳುವುದು ಪ್ರತಿಯೊಬ್ಬರ ಹಕ್ಕು ಎಂದು ತೀರ್ಪು ಕೊಟ್ಟರು. ಅದರಲ್ಲಿ ಎಲ್ಲಮ್ಮನ ಸೇವಕರಾದ ಜೋಗಪ್ಪರ ಹೆಸರೂ ಬಂದಿದೆ. ಅದೇ ವರ್ಷ ಬೆಂಗಳೂರಿನ ‘ಅನೇಕ’ ಎಂಬ ಸಂಸ್ಥೆ ಜೋಗಪ್ಪರ ಬದುಕಿನ ಬಗ್ಗೆ ಅಧ್ಯಯನ ವರದಿ ಹೊರತಂದಿತು. 2021ರಲ್ಲಿ ಕರ್ನಾಟಕ ಸರ್ಕಾರಿ ನೌಕರಿಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1ರಷ್ಟು ಮೀಸಲಾತಿ ಕೊಟ್ಟಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಇದು. ಕರ್ತೃ ‘ನಾನು’ ಆಯಿತು. ಆದರೆ ‘ಅಮ್ಮ ಹಿಡಿದಳು’ ಎನ್ನುವವರಿಗೆ ಆ ‘ನಾನು’ ಇನ್ನೂ ಅಪರಿಚಿತ. ತಮ್ಮ ಇಚ್ಛೆಯಲ್ಲವೆಂದೇ ನಂಬಿದ್ದನ್ನು ಅವರು ಅರ್ಜಿಯಲ್ಲಿ ತಮ್ಮ ಇಚ್ಛೆಯೆಂದು ಬರೆದುಕೊಡಬೇಕಾಯಿತು. ಕಾನೂನಿಗೆ ಇದು ಸಣ್ಣ ವಿಷಯ, ಧರ್ಮಕ್ಕೆ ಸಣ್ಣದಲ್ಲ.

ಈ ಗುರುತಿನ ಪ್ರಮಾಣಪತ್ರ ಕೊಡುವ ಅಧಿಕಾರವನ್ನು ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಕುರಿತ 2019ರ ಕೇಂದ್ರ ಕಾಯ್ದೆ ಜಿಲ್ಲಾಧಿಕಾರಿಗೆ ಒಪ್ಪಿಸಿತು. ಆ ಕಾಯ್ದೆ ಅಂಗೀಕಾರವಾದಾಗ ಅದರ ವ್ಯಾಖ್ಯೆಯಲ್ಲಿ ಕಿನ್ನರ್, ಹಿಜ್ರಾ, ಅರವಾಣಿ, ಜೋಗ್ತಾ ಎಂಬ ನಾಲ್ಕು ಸಮುದಾಯಗಳ ಹೆಸರುಗಳಿದ್ದವು. ಜೋಗಪ್ಪ ಎಂಬ ಕನ್ನಡದ ಹೆಸರು ಅಲ್ಲಿರಲಿಲ್ಲ.