ಏರಬಾರದ ಬಂಡೆ

ಮಧ್ಯ ಆಸ್ಟ್ರೇಲಿಯಾದ ಕೆಂಪು ಮರಳಿನ ಬಯಲಲ್ಲಿ 348 ಮೀಟರ್ ಎತ್ತರಕ್ಕೆ ನಿಂತಿರುವ ಉಲೂರು ಬಂಡೆಯನ್ನು 2019ರ ಅಕ್ಟೋಬರ್ 26ರಿಂದ ಪ್ರವಾಸಿಗರು ಹತ್ತುವಂತಿಲ್ಲ. ಅಲ್ಲಿನ ಮೂಲನಿವಾಸಿ ಅನಂಗು ಜನರಿಗೆ ಪುರಾಣ, ಧರ್ಮ, ಕಟ್ಟಳೆ ಬೇರೆಬೇರೆಯಲ್ಲ. ಎಲ್ಲವೂ ಸೇರಿ ತ್ಜುಕುರ್ಪಾ. ಜನ ಸರಪಳಿ ಹಿಡಿದು ಹತ್ತುತ್ತಿದ್ದ ದಾರಿ, ಅದರ ಪ್ರಕಾರ, ಮಾಲಾ ಎಂಬ ಪೂರ್ವಜರು ನಡೆದ ಹಾದಿ. ಸರಿ, ಅದು ಅವರ ನಂಬಿಕೆ. ನಂಬದವನ ಕಾಲನ್ನೂ ಅದು ಕಟ್ಟಬಹುದೇ? ಕಟ್ಟಬಹುದು ಎಂಬುದೇ ನನ್ನ ವಾದ. ಆದರೆ ಅದಕ್ಕೆ ಸಾಮಾನ್ಯವಾಗಿ ಕೊಡುವ ಎರಡು ಕಾರಣಗಳೂ ಸಾಲವು.

ಮೊದಲನೆಯದು ಒಡೆತನ. 1985ರಲ್ಲಿ ಸರ್ಕಾರ ಈ ನೆಲವನ್ನು ಅನಂಗು ಜನರಿಗೆ ಹಿಂದಿರುಗಿಸಿತು ನಿಜ. ಆದರೆ 99 ವರ್ಷಗಳ ಗುತ್ತಿಗೆಗೆ ಅವರು ಅದನ್ನು ಮತ್ತೆ ಸರ್ಕಾರಕ್ಕೇ ಕೊಡಬೇಕೆಂಬ ಷರತ್ತಿನ ಮೇಲೆ. ಹತ್ತುವುದನ್ನು ನಿಷೇಧಿಸುವೆವೆಂದು 1983ರಲ್ಲಿ ಪ್ರಧಾನಿ ಬಾಬ್ ಹಾಕ್ ಅವರ ಸರ್ಕಾರ ಕೊಟ್ಟಿದ್ದ ಮಾತು ಅಷ್ಟರಲ್ಲಿ ಬಿದ್ದುಹೋಗಿತ್ತು. ಇಲ್ಲಿನ ರಾಷ್ಟ್ರೀಯ ಉದ್ಯಾನದ ಆಡಳಿತ ಮಂಡಳಿಯ 12 ಸ್ಥಾನಗಳಲ್ಲಿ ಎಂಟು ಅನಂಗು ಜನರದ್ದು. ಆದರೂ ದಶಕಗಳ ಕಾಲ ಬಂಡೆಯ ಬುಡದಲ್ಲಿದ್ದದ್ದು 'ದಯವಿಟ್ಟು ಹತ್ತಬೇಡಿ' ಎಂಬ ವಿನಂತಿಯ ಫಲಕವಷ್ಟೇ. 2010ರ ನಿರ್ವಹಣಾ ಯೋಜನೆಯಂತೂ ಪ್ರವಾಸಿಗರಲ್ಲಿ ಹತ್ತುವವರ ಪ್ರಮಾಣ ಶೇಕಡಾ 20ಕ್ಕಿಂತ ಕೆಳಗಿಳಿದರೆ ದಾರಿ ಮುಚ್ಚಬಹುದೆಂದಿತು. ದೈವದ ಕಟ್ಟಳೆಗೆ ಪ್ರವಾಸೋದ್ಯಮದ ಲೆಕ್ಕಪತ್ರದ ಒಪ್ಪಿಗೆ! ಇಂಥ ಒಡೆತನದ ಮೇಲೆ ವಾದ ಕಟ್ಟುವುದು ಕಷ್ಟ.

ಎರಡನೆಯದು ಅವರ ಜ್ಞಾನದ ಉಪಯೋಗ. ಅನಂಗು ಜನ ತಂಪಿನ ದಿನಗಳಲ್ಲಿ ಮುಳ್ಳುಹುಲ್ಲಿನ ಬಯಲನ್ನು ತುಂಡುತುಂಡಾಗಿ ಸುಡುತ್ತಾರೆ. ಒಂದೆಡೆ ಬೂದಿ, ಪಕ್ಕದಲ್ಲೇ ಹಸಿ ಚಿಗುರು, ಆಚೆ ಹಳೆಯ ಹುಲ್ಲಿನ ಪೊದೆ. ದೊಡ್ಡ ಬೆಂಕಿ ಬಂದರೂ ಸುಟ್ಟ ಜಾಗಕ್ಕೆ ಬಂದು ಸೊರಗುತ್ತದೆ. ಸಣ್ಣ ಪ್ರಾಣಿಗಳಿಗೆ ಮೇವೂ ಮರೆಯೂ ಹತ್ತಿರದಲ್ಲೇ ಇರುತ್ತವೆ. ನಡುವೆ ಈ ಪದ್ಧತಿ ನಿಂತಾಗ ಹುಲ್ಲು ಬೆಳೆದು ಒಣಗಿ, 1976ರ ಬೆಂಕಿಯಲ್ಲಿ ಉದ್ಯಾನದ ಬಹುಭಾಗ ಸುಟ್ಟುಹೋಯಿತು. ಆಮೇಲೆ ಅಧಿಕಾರಿಗಳು ಹಳಬರ ಬೆಂಕಿಯನ್ನೇ ಕಲಿತರು. (ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗು ಬೆಂಕಿ ನಿಂತದ್ದರಿಂದಲೇ ಲಂಟಾನ ಹಬ್ಬಿತು ಎನ್ನುತ್ತಾರೆ, ಅವರ ಮಾತಿಗೆ ಕಿವಿ ತೆರೆಯಲು ಎಷ್ಟು ಕಾಲ ಹಿಡಿಯಿತು!) ಆದರೆ ವಿಜ್ಞಾನ ಮೊಹರು ಒತ್ತಿದ ಭಾಗಕ್ಕೆ ಮಾತ್ರ ಮನ್ನಣೆ ಎಂದರೆ ಅದು ಗೌರವವಲ್ಲ, ಜ್ಞಾನವನ್ನು ಕೂಲಿಗೆ ಹಿಡಿದಂತೆ. ಬೆಂಕಿಯನ್ನು ಪರೀಕ್ಷೆಗೆ ಒಡ್ಡಬಹುದು, ಪೂರ್ವಜರ ಹಾದಿಯನ್ನು ಒಡ್ಡಲಾಗದು.

ನನಗೆ ಸಾಕೆನಿಸುವ ಕಾರಣ ಬೇರೆ. ತ್ಜುಕುರ್ಪಾ ಅನಂಗು ಜನರಿಗೆ ಹಕ್ಕಿನ ಜೊತೆಗೆ ಹೊಣೆಯನ್ನೂ ಹೊರಿಸುತ್ತದೆ, ಬಂದವರ ಕ್ಷೇಮದ ಹೊಣೆಯೂ ಸೇರಿ. ಬಂಡೆ ಹತ್ತಲು ಹೋಗಿ 30ಕ್ಕೂ ಹೆಚ್ಚು ಮಂದಿ ಸತ್ತಿದ್ದಾರೆ. ಅಪರಿಚಿತರ ಆ ಸಾವುಗಳಿಗೂ ಅವರು ದುಃಖಪಡುತ್ತಾರೆ. ಹೊಣೆ ಒಬ್ಬರದಾಗಿರುವ ಜಾಗದಲ್ಲಿ ನಡೆಯ ನಿಯಮ ಪೂರ್ತಿ ಇನ್ನೊಬ್ಬನದಾಗಲಾರದು. ಅರುಣಾಚಲ ಬೆಟ್ಟವೇ ಶಿವನೆಂದು ಒಪ್ಪದವನೂ ಅದರ ಪ್ರದಕ್ಷಿಣೆ ಹಾಕಬಲ್ಲ; ಉಲೂರುವಿನ ಸುತ್ತಲಿನ ಹತ್ತು ಕಿಲೋಮೀಟರ್ ದಾರಿಯೂ ಹಾಗೆಯೇ ಎಲ್ಲರಿಗೂ ತೆರೆದಿದೆ. ಕೇಳಿರುವುದು ನಂಬಿಕೆಯನ್ನಲ್ಲ, ಒಂದು ಕ್ರಿಯೆಯ ತ್ಯಾಗವನ್ನು.

ಹಾಗಾದರೆ ಪವಿತ್ರವೆಂದು ಹೇಳಿ ಯಾರು ಯಾರನ್ನು ಬೇಕಾದರೂ ಹೊರಗಿಡಬಹುದೇ? ನಮ್ಮ ದೇಶದಲ್ಲಿ ಹುಟ್ಟಿದವರು ಕೇಳಲೇಬೇಕಾದ ಪ್ರಶ್ನೆ. ಉಲೂರುವಿನ ನಿಷೇಧ ಜಾತಿ, ಹುಟ್ಟು ನೋಡದೆ ಎಲ್ಲ ಪ್ರವಾಸಿಗರಿಗೂ ಒಂದೇ. ಅದು ತಡೆಯುವುದು ಕೃತ್ಯವನ್ನು, ಮನುಷ್ಯನನ್ನಲ್ಲ. ಗಂಡಸರಿಗೆ ಹೆಂಗಸರ, ಹೆಂಗಸರಿಗೆ ಗಂಡಸರ ಪವಿತ್ರ ಸ್ಥಳಗಳು ನಿಷಿದ್ಧವಾಗಿರುವುದೂ ಅಲ್ಲಿದೆ. ಅದು ಎರಡೂ ಕಡೆಗೆ ಸಮನಾದ ಕಟ್ಟಳೆ. ಆದರೂ ನಮ್ಮ ಗುಡಿಬಾಗಿಲ ಜಗಳದಲ್ಲಿ ಅದನ್ನು ಸಾಕ್ಷಿಗೆ ಕರೆಯಲು ನಾನು ಸಿದ್ಧನಿಲ್ಲ.